ಎಡಗಡೆಗೆ ಸುತ್ತಿ ಬಂದ ಬ್ರೇಕ್ ಪೈಪು

ಜೂನ್ ೪

ಅತ್ತಿಗೆಯವರಿಗೆ,

ಅಣ್ಣನ ಕಾರು ಬಂದು ತಲುಪಿತು. ಲಾರಿಯಿಂದ ಇಳಿಸುವಾಗ ನಮ್ಮ ಬೀದಿಯೆಲ್ಲ ಬಾಗಿಲಿಗೆ ಬಂದು ನಿಂತಿತ್ತು. ಎದುರು ಮನೆಯ ಮುದುಕರು ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿ, "ಇದೇನಪ್ಪಾ, ಕಾರೋ ಇಲ್ಲ ಯಾರೋ ಬಿಟ್ಟೋದ ಕೆಂಪು ಬೂಟೋ? ಒಳಗೆ ಕೂರೋದಾ, ಕಾಲಿಗೆ ಹಾಕ್ಕೊಳ್ಳೋದಾ?" ಎಂದರು. ಎರಡೇ ಸೀಟಿನ ಕಾರು ಅವರು ನೋಡಿದ್ದು ಇದೇ ಮೊದಲಂತೆ.

ಚಳಿಗಾಲದಲ್ಲಿ ಅಣ್ಣ ತೀರಿಹೋದ ಮೇಲೆ, "ಕಾರು ತಮ್ಮನಿಗೆ ಅಂತ ಹೇಳಿದ್ದಾರೆ" ಎಂದು ನೀವು ಹೇಳಿದಾಗ ನಾನು ನಂಬಿರಲಿಲ್ಲ. ಕೊಟ್ಟ ಮಾತು ಉಳಿಸಿಕೊಂಡಿರಿ. ಉಪಕಾರವಾಯಿತು.

ಕಾಲೇಜು ಶುರುವಾದರೆ ದಿನಾ ಬೆಳಿಗ್ಗೆ ಮಗಳನ್ನು ಈ ಕಾರಿನಲ್ಲೇ ಬಿಟ್ಟು ನಾನು ಕೆಲಸಕ್ಕೆ ಹೋಗುವುದೆಂದು ಅಂದುಕೊಂಡಿದ್ದೇನೆ. ನಮ್ಮ ಮನೆ ಗುಡ್ಡದ ನೆತ್ತಿಯಲ್ಲಿ, ಕಾಲೇಜು ಬುಡದಲ್ಲಿ. ಇಳಿಯುವ ದಾರಿಯಲ್ಲಿ ತಿರುವುಗಳೇ ಹೆಚ್ಚು. ಅವಳಿಗೂ ಲೈಸೆನ್ಸ್ ಬಂದಿದೆ, "ನಾನೇ ಓಡಿಸ್ತೀನಿ" ಎಂದು ಕುಣಿಯುತ್ತಾಳೆ. ಇಂಥ ಕಾರನ್ನು ಅವಳ ಕೈಗೆ ಕೊಡುವಷ್ಟು ನನ್ನ ಬುದ್ಧಿ ಕೆಟ್ಟಿಲ್ಲ. ಅಂತೂ ಮೊದಲು ಬ್ರೇಕು ಗಟ್ಟಿಯಾಗಬೇಕು. ಅಡಿಯಲ್ಲಿ ಮಲಗಿ ನೋಡಿದೆ. ಬ್ರೇಕ್ ಆಯಿಲ್ ಹರಿಯುವ ಉಕ್ಕಿನ ಪೈಪುಗಳು ಹೊರಗೆ ನೋಡಲು ಚೆನ್ನಾಗಿವೆ, ಕ್ಲಿಪ್ಪು ಬಿಚ್ಚಿದರೆ ಒಳಗೆ ತುಕ್ಕು ತಿಂದು ಕಾಗದವಾಗಿವೆ. ಎಲ್ಲವನ್ನೂ ಬದಲಾಯಿಸಬೇಕು. ಅಂಗಡಿಯವನು ಮೂರು ತರದ ಪೈಪು ಮುಂದಿಟ್ಟ. ಉಕ್ಕಿನದು ಗಟ್ಟಿ, ಆದರೆ ಮತ್ತೆ ತುಕ್ಕು ಹಿಡಿಯುತ್ತದೆ. ಬರೀ ತಾಮ್ರದ್ದು ಬೆರಳಲ್ಲೇ ಬಾಗುತ್ತದೆ, ಆದರೆ ಗಾಡಿಯ ನಡುಕಕ್ಕೆ ದಿನ ಕಳೆದಂತೆ ಗಡುಸಾಗಿ ಸೀಳುತ್ತದೆ. ಇನ್ನೊಂದು ತಾಮ್ರಕ್ಕೆ ನಿಕಲ್ ಬೆರೆಸಿದ್ದು. ಅಣ್ಣ ಯಾವುದಾದರೂ ಒಂದನ್ನು ಮೆಚ್ಚಿ ಹೇಳುತ್ತಿದ್ದನೇ?

ಇನ್ನೊಂದು ಮಾತು. ಬ್ರೇಕ್ ಪೆಡಲಿನ ಸಿಲಿಂಡರಿನಿಂದ ಹೊರಟ ಪೈಪು ನೇರವಾಗಿ ಚಕ್ರಗಳ ಕಡೆ ಹೋಗಬೇಕು. ಇದು ಹಾಗೆ ಹೋಗಿಲ್ಲ. ಅಡ್ಡ ಹಾದು, ಎಡಗಡೆ ಸೀಟಿನಲ್ಲಿ ಕೂತವರ ಕಾಲಬುಡಕ್ಕೆ ಬಂದು, ಅಲ್ಲಿ ಒಂದು ನಟ್ಟಿನಲ್ಲಿ ಜೋಡಿಸಿಕೊಂಡು, ಮತ್ತೆ ತಿರುಗಿ ಹೋಗಿದೆ. ಅಂಗಡಿಗೆ ಹೊರಟವನು ನೆಂಟರ ಮನೆ ಹೊಕ್ಕು ಬಂದ ಹಾಗೆ. ಉಳಿದ ನಟ್ಟುಗಳೆಲ್ಲ ಕಪ್ಪಾಗಿವೆ, ಇದೊಂದು ಮಾತ್ರ ಹೊಸದು, ಮೈಮೇಲೆ ಸ್ಪ್ಯಾನರ್ ಗೀರಿದ ಗುರುತು ಇನ್ನೂ ಹೊಳೆಯುತ್ತಿದೆ. ಇದರ ಬಗ್ಗೆ ನಿಮಗೇನಾದರೂ ಗೊತ್ತೇ?

ನಿಮ್ಮ ಮೈದುನ


ಜೂನ್ ೧೨

ಮೈದುನನಿಗೆ ಆಶೀರ್ವಾದ.

ಬೆಳಗಿನ ಪ್ರಾರ್ಥನೆ ಮುಗಿಸಿ ಇದನ್ನು ಬರೆಯುತ್ತಿದ್ದೇನೆ. ಫೋನ್ ಮಾಡೋಣವೆಂದರೆ ಅಂಗಡಿಯ ಫೋನಿಗೆ ಊರೆಲ್ಲ ಕಿವಿ. ಕಾರು ಸುರಕ್ಷಿತವಾಗಿ ತಲುಪಿದ್ದಕ್ಕೆ ದೇವರಿಗೆ ಕೈ ಮುಗಿದೆ.

ನಾನು ಬಟ್ಟೆ ಹೊಲಿಯುವವಳು. ಸೂಜಿ ಗೊತ್ತು, ನಟ್ಟು ಗೊತ್ತಿಲ್ಲ. ನಿಮ್ಮ ಅಣ್ಣ ಸ್ಟುಡಿಯೋದಲ್ಲಿ ಫೋಟೋ ತೆಗೆದು ಮಿಕ್ಕ ಹೊತ್ತೆಲ್ಲ ಆ ಕಾರಿನಡಿಯಲ್ಲಿ ಮಲಗುತ್ತಿದ್ದರು. ಯಾವ ಪೈಪು ಯಾಕೆ ಸುತ್ತಿಸಿದರೋ ನನಗೇನು ಗೊತ್ತು.

ನೀನು ನಿಕಲ್ ಬೆರೆಸಿದ ತಾಮ್ರದ್ದನ್ನೇ ತೆಗೆದುಕೋ. ತುಕ್ಕೂ ಹಿಡಿಯದು, ಸೀಳುವುದೂ ಇಲ್ಲ. ಅದನ್ನು ನೇರವಾಗಿ ಹಾಕಿಸು. ಎಡಗಡೆಗೆ ಸುತ್ತಿಸುವುದು ಬೇಡ. ಪೈಪಿನ ಬಾಯನ್ನು ಎರಡು ಮಡಿಕೆ ಮಾಡಿ ಒತ್ತಿಸು, ಒಂದೇ ಮಡಿಕೆಯಾದರೆ ನಟ್ಟು ಬಿಗಿಯುವಾಗ ಬಿರಿಯುತ್ತದೆ. ಚಕ್ರದ ಹತ್ತಿರದ ರಬ್ಬರ್ ಹೋಸುಗಳನ್ನೂ ಬದಲಾಯಿಸು, ಅವು ಹೊರಗೆ ನೆಟ್ಟಗೆ ಕಂಡರೂ ಒಳಗೆ ಊದಿಕೊಂಡಿರುತ್ತವೆ.

ಒಂದು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಈ ಕಾರನ್ನು ಕಂಡು ಮೊದಲಿನಿಂದಲೂ ನಕ್ಕವನು ನೀನು. ಈಗ ಯಾಕಿಷ್ಟು ಅವಸರ? ಮಗಳು ಬಸ್ಸಿಗೆ ಹೋದರೆ ಏನಾಗುತ್ತದೆ? ಇಷ್ಟು ದಿನ ಲಿಫ್ಟ್ ಕೆಲಸಕ್ಕೆ ನೀನು ಸ್ಕೂಟರಿನಲ್ಲೇ ಹೋಗುತ್ತಿದ್ದೆಯಲ್ಲ, ಅದು ಏನಾಯಿತು?

ನನ್ನ ಓರಗಿತ್ತಿಗೆ, ಮಗಳಿಗೆ ಆಶೀರ್ವಾದ ತಿಳಿಸು.

ಅತ್ತಿಗೆ


ಜೂನ್ ೧೯

ಅತ್ತಿಗೆಯವರಿಗೆ,

ನಟ್ಟು ಗೊತ್ತಿಲ್ಲ ಎಂದವರು ಪೈಪಿನ ಬಾಯಿಗೆ ಎಷ್ಟು ಮಡಿಕೆ ಎಂದು ಹೇಳಿಬಿಟ್ಟಿರಿ! ಪತ್ರವನ್ನು ಅಂಗಡಿಯವನಿಗೆ ತೋರಿಸಿದೆ. "ಇದ್ ಬರೆದೋರು ಯಾವ ಗ್ಯಾರೇಜ್ ಸಾರ್?" ಎಂದ. ಗೊತ್ತಿಲ್ಲದವರು ಇಷ್ಟು ಬರೆದರೆ, ಗೊತ್ತಿದ್ದವರು ಎಷ್ಟು ಬರೆಯಬೇಕು ಎಂದು ಆವತ್ತಿನಿಂದ ಯೋಚನೆ.

ಅದಕ್ಕೇ ಎಡಗಡೆಯ ಮ್ಯಾಟ್ ಎತ್ತಿದೆ. ಕೆಳಗಿನ ತಗಡಿನಲ್ಲಿ ನಾಲ್ಕು ತೂತು. ಮೇಣದಂಥದ್ದು ಮೆತ್ತಿ ಮೇಲೆ ಬಣ್ಣ ಬಳಿದಿದ್ದಾರೆ. ಬಣ್ಣ ಹೊಸದು. ಅಲ್ಲೇನೋ ಇತ್ತು, ಯಾರೋ ತೆಗೆದಿದ್ದಾರೆ, ತೆಗೆದದ್ದು ಕಾಣಬಾರದೆಂದು ಮುಚ್ಚಿದ್ದಾರೆ.

ನಾನು ಲಿಫ್ಟ್ ರಿಪೇರಿಯವನು. ಲಿಫ್ಟಿನಲ್ಲಿ ಯಾರಾದರೂ ಹೇಳದೆ ಕೇಳದೆ ಒಂದು ನಟ್ಟು ಬಿಚ್ಚಿ ಹಾಕಿದ್ದರೂ ನನಗೆ ನಿದ್ದೆ ಹತ್ತುವುದಿಲ್ಲ. ಇದು ಅಣ್ಣನ ಬ್ರೇಕು. ಮುಚ್ಚಿಡದೆ ಕೇಳುತ್ತೇನೆ: ಅಣ್ಣ ಹೋಗುವ ಮುಂಚೆಯೋ ಆಮೇಲೋ, ಆ ಬ್ರೇಕಿಗೆ ಕೈ ಹಾಕಿದವರು ಯಾರು? ಯಾಕೆ?

ಅಕ್ಕನೂ ಒಂದು ಮಾತು ಹೇಳುತ್ತಿದ್ದಳು. "ಕೊನೇ ಎರಡು ವರ್ಷ ಅತ್ತಿಗೆ ಆ ಪಕ್ಕದ ಸೀಟನ್ನ ಒಂದು ನರಪಿಳ್ಳೆಗೂ ಬಿಟ್ಟುಕೊಟ್ಟಿಲ್ಲ ಕಣೋ. ಅಣ್ಣ ಸ್ಟಿಯರಿಂಗ್ ಹಿಡಿದಿದ್ರೂ ಮುಖ ಮಾತ್ರ ಪರೀಕ್ಷೆಗೆ ಕೂತ ಹುಡುಗನ ಥರ." ಆಗ ನಾನು ನಕ್ಕೆ. ಆದರೆ ನನಗೂ ನೆನಪಿದೆ. ಹೋದ ಸಲ ಬಂದಾಗ ಅಣ್ಣ ನನ್ನನ್ನು ಬಸ್ ನಿಲ್ದಾಣಕ್ಕೆ ಬಿಡುತ್ತೇನೆಂದು ಹೊರಟ. ನೀವು ಕೈಚೀಲ ಹಿಡಿದು ಬಂದು ಸೀಟಿನಲ್ಲಿ ಕೂತುಬಿಟ್ಟಿರಿ. "ಅವನು ನಡ್ಕೊಂಡ್ ಬರ್ಲಿ, ಕಾಲೇನು ಸವೆಯಲ್ಲ" ಎಂದಿರಿ. ಎರಡು ಪೆಟ್ಟಿಗೆ ಹೊತ್ತುಕೊಂಡು ಇಳಿಜಾರು ಇಳಿದವನು ನಾನು. ಅಣ್ಣ ಒಂದು ಮಾತೂ ಆಡಲಿಲ್ಲ. ಅವನ ಬಾಯಿ ಕಟ್ಟಿದ್ದು ಏನು ಎಂದು ಈಗ ಅನ್ನಿಸುತ್ತಿದೆ.

ಸ್ಕೂಟರಿನ ಮಾತು ಬಿಡಿ, ಹಳೆಯದಾಯಿತು, ಮಾರಿದೆ. ಕೆಲಸ ಎಂದಿನಂತೆ. ಮೊನ್ನೆ ಒಂದು ತಮಾಷೆ. ಹೊಸ ಕಟ್ಟಡದ ಮೆಟ್ಟಿಲು ಹತ್ತಿ ಮೂರನೇ ಮಹಡಿಗೆ ಹೋಗಿದ್ದೇನೆ, ಜೊತೆಗಾರ ಹಿಂದಿನಿಂದ ಕೂಗುತ್ತಾನೆ: "ಅಣ್ಣೋ, ನಿನ್ ಚಪ್ಪಲಿ ಕೆಳಗೇ ಕೂತೈತೆ, ಲಿಫ್ಟಿಗೆ ಕಾಯ್ತಾ!" ನೋಡಿದರೆ ಒಂದು ಕಾಲು ಬರಿಗಾಲು. ಎಲ್ಲರೂ ನಕ್ಕಿದ್ದೇ ನಕ್ಕಿದ್ದು. ತಲೆ ತುಂಬ ಈ ಕಾರೇ ಇದ್ದರೆ ಇನ್ನೇನಾದೀತು.

ಉತ್ತರ ಬೇಗ ಬರಲಿ.

ಮೈದುನ


ಜೂನ್ ೨೫

ಮೈದುನನಿಗೆ,

ನಿನ್ನ ಪತ್ರ ಓದಿ ಆ ದಿನ ಮೆಷಿನ್ ಮುಟ್ಟಲಿಲ್ಲ. ಈ ಮನೆಗೆ ನಾನು ಬಂದಾಗ ನೀನು ಶಾಲೆಗೆ ಹೋಗುವವನು. ನಿನ್ನ ಅಂಗಿಗೆ ಗುಂಡಿ ಹಚ್ಚಿದ ಕೈ ಇದು. ಈ ಕೈ ಬ್ರೇಕಿಗೆ ಹೋಯಿತೇ ಎಂದು ಕೇಳಿದೆಯಲ್ಲ, ಕೇಳು. ನಾದಿನಿಯ ನಾಲಿಗೆಗೆ ನಾನು ಬೇಲಿ ಹಾಕಲಾರೆ. ಮೇಲೆ ಒಬ್ಬನಿದ್ದಾನೆ, ಅವನಿಗೆ ಮ್ಯಾಟ್ ಎತ್ತದೆಯೂ ಕಾಣುತ್ತದೆ.

ಕೆಲವು ಮಾತು ನನ್ನವಲ್ಲ. ಹೋದವರದ್ದು. ಅವರು ಹೇಳಬೇಡ ಎಂದದ್ದನ್ನು ಹೇಳಲಾರೆ. ಪೈಪು ನೇರ ಹಾಕಿಸು ಎಂದೆ, ಅಷ್ಟು ಮಾಡು.

ಆದರೆ ನನಗೂ ಒಂದು ಅನುಮಾನ ಬಂದಿದೆ. ನಿನ್ನ ಚಪ್ಪಲಿ ಕಳಚಿದ್ದು ಯಾವ ಕಾಲಿನದು? ಬಲಗಾಲೋ ಎಡಗಾಲೋ? ಕಳಚಿದ್ದು ಕಾಲಿಗೆ ತಿಳಿಯಲಿಲ್ಲವೇ? ಸಿಮೆಂಟಿನ ಮೆಟ್ಟಿಲು ತಣ್ಣಗಿತ್ತೋ ಬಿಸಿಯಿತ್ತೋ? ಸ್ಕೂಟರ್ ಹಳೆಯದಾಯಿತೆಂದು ಮಾರಿದವನು ಅದಕ್ಕಿಂತ ಹಳೆಯ ಕಾರಿಗೆ ಪೈಪು ಹುಡುಕುತ್ತಾನೆಯೇ? ಅದನ್ನು ಮಾರಿದ್ದು ಯಾಕೆ?

ಇದಕ್ಕೆ ನೀನು ಉತ್ತರ ಕೊಡು. ನಿನ್ನದಕ್ಕೆ ನಾನು ಕೊಡುತ್ತೇನೆ.

ಅತ್ತಿಗೆ


ಜುಲೈ ೨

ಅತ್ತಿಗೆಯವರಿಗೆ,

ಬ್ರೇಕಿನ ಮಾತು ಕೇಳಿದರೆ ಚಪ್ಪಲಿಯ ಮಾತು ಆಡುತ್ತೀರಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ. ನನಗೆ ಎರಡು ಕಾಲಿವೆ, ಎರಡೂ ಸೊಂಟದ ಕೆಳಗೇ ಇವೆ, ಸಾಕೇ?

ನಿಮ್ಮೂರಿನ ಮೆಕ್ಯಾನಿಕ್ಕನ್ನು, ಅದೇ ನಮ್ಮ ನಾಳೆಪ್ಪನನ್ನು, ಪಕ್ಕದ ಟೈರ್ ಅಂಗಡಿಯ ಫೋನಿಗೆ ಕರೆಸಿ ಕೇಳಿದೆ. "ಆ ಕೆಂಪು ಕಾರಿನ ಬ್ರೇಕ್ ಪೈಪು ಬಿಚ್ಚಿದ್ದು ನೀನೇನಯ್ಯಾ?" ಎಂದರೆ, "ನಾಳೆ ಹೇಳ್ತೀನಿ ಸಾರ್" ಎಂದು ಫೋನ್ ಇಟ್ಟುಬಿಟ್ಟ. ಅವನು ಯಾವ ಕೆಲಸಕ್ಕೂ ನಾಳೆ ಅನ್ನುವವನು, ಅದು ಗೊತ್ತಿದ್ದದ್ದೇ. ಆದರೆ ಬಾಯಿ ಬಿಡುವುದಕ್ಕೂ ನಾಳೆ ಅಂದದ್ದು ಇದೇ ಮೊದಲು. ಅವನಿಗೆ ಯಾರು ಹೇಳಿಕೊಟ್ಟಿದ್ದಾರೆ ಎಂದು ನಾನು ಕೇಳಬೇಕಾಗಿಲ್ಲ.

ನನಗೆ ಅನ್ನಿಸಿದ್ದು ಇಷ್ಟು. ಅಣ್ಣನ ಕೈಲಿ ಆ ಕಾರು ಎಲ್ಲೋ ಗುದ್ದಿದೆ. ಅವನು ಸತ್ತದ್ದು ನೀವು ಎಲ್ಲರಿಗೂ ಹೇಳಿದ ಜ್ವರದಿಂದಲ್ಲ. ಅಥವಾ ಅವನು ಕಾರು ಓಡಿಸಬಾರದೆಂದು ನೀವೇ ಬ್ರೇಕಿನಲ್ಲಿ ಏನೋ ಮಾಡಿಸಿದ್ದೀರಿ, ಅವನಿಗೆ ಹೇಳದೆ. ಎರಡರಲ್ಲಿ ಒಂದು. ಮೂರನೆಯದು ಇದ್ದರೆ ನೀವೇ ಹೇಳಬೇಕಿತ್ತು, ಹೇಳಲಿಲ್ಲ.

ಪೈಪಿನ ವಿಷಯ ನಾನೇ ತೀರ್ಮಾನ ಮಾಡಿದೆ. ನೀವು ನೇರ ಹಾಕಿಸು ಎಂದು ಎರಡು ಸಲ ಬರೆದಿರಿ. ಅಷ್ಟು ಒತ್ತಿ ಹೇಳಿದ್ದರಿಂದಲೇ ನಾನು ನೇರ ಹಾಕುವುದಿಲ್ಲ. ಅಣ್ಣ ಏನೂ ಕಾರಣವಿಲ್ಲದೆ ಸುತ್ತಿಸಿರಲಾರ. ಅವನು ಹಾಕಿದ ದಾರಿಯಲ್ಲೇ, ಎಡಗಡೆಗೆ ಸುತ್ತಿಸಿ, ಮೊದಲಿನಂತೆ ಉಕ್ಕಿನ ಪೈಪೇ ಹಾಕುತ್ತೇನೆ. ಅಳತೆ ತೆಗೆದಾಗಿದೆ. ಹದಿನೈದನೇ ತಾರೀಕು ಕಾಲೇಜು ಶುರು. ಆವತ್ತು ಮಗಳು ಆ ಎಡಗಡೆ ಸೀಟಿನಲ್ಲಿ ಕೂತು ಗುಡ್ಡ ಇಳಿಯುತ್ತಾಳೆ.

ಮೈದುನ


ಜುಲೈ ೬

ಮೈದುನನಿಗೆ,

ಇದನ್ನು ಅಂಚೆಗೆ ಹಾಕದೆ ನಿಮ್ಮೂರಿಗೆ ಬರುವ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸುತ್ತಿದ್ದೇನೆ. ಓದಿ ಮುಗಿಸುವ ತನಕ ಕಾರಿನ ಕೀಲಿ ಮುಟ್ಟಬೇಡ. ನಿನ್ನ ಮಗಳು ಆ ಸೀಟಿನಲ್ಲಿ ಕೂರುತ್ತಾಳೆ ಎಂದು ಓದಿದ ಮೇಲೆ, ಹೋದವರಿಗೆ ಕೊಟ್ಟ ಮಾತು ದೊಡ್ಡದೋ ಇರುವವರ ಜೀವ ದೊಡ್ಡದೋ ಎಂದು ದೇವರನ್ನು ಕೇಳಿದೆ. ಅವನು ಬಾಯಿ ಬಿಟ್ಟು ಹೇಳುವುದಿಲ್ಲ, ಆದರೆ ಪೆನ್ನು ಕೈಗೆ ಬಂತು.

ನಿಮ್ಮ ಅಣ್ಣನಿಗೆ ಸಕ್ಕರೆ ಕಾಯಿಲೆ ಇದ್ದದ್ದು ನಿಮಗೆಲ್ಲ ಗೊತ್ತು. ಕಾಲಿನ ಸ್ಪರ್ಶ ಹೋಗಿದ್ದು ನನಗೊಬ್ಬಳಿಗೇ ಗೊತ್ತು. ಒಂದು ದಿನ ಸ್ಟುಡಿಯೋದಿಂದ ಬಂದು ಬೂಟು ಬಿಚ್ಚಿದರು. ಒಳಗಿಂದ ಕ್ಯಾಮೆರಾದ ಒಂದು ಸ್ಕ್ರೂ ಬಿತ್ತು. ಬೆಳಗಿನಿಂದ ಅದರ ಮೇಲೇ ನಿಂತು ಫೋಟೋ ತೆಗೆದಿದ್ದಾರೆ. "ಅಯ್ಯೋ, ಇದನ್ನ ಎಲ್ಲಾ ಕಡೆ ಹುಡುಕಿದ್ನಲ್ಲೇ!" ಎಂದು ನಕ್ಕರು. ಆಮೇಲೆ ನಗು ನಿಂತಿತು.

ಡಾಕ್ಟರು ಗಾಡಿ ಓಡಿಸಬಾರದು ಎಂದರು. ಮನೆಗೆ ಬಂದವರು ಗೋಡೆ ನೋಡುತ್ತ ಕೂತರು, ಊಟಕ್ಕೆ ಏಳಲಿಲ್ಲ. "ಆ ಕಾರು ಹೋದ್ರೆ ನಾನು ಅರ್ಧ ಹೋದ ಹಾಗೇ ಕಣೇ" ಎಂದರು. ಎಷ್ಟು ವರ್ಷದ ಮೇಲೆ ಆಸೆಪಟ್ಟು ತೆಗೆದುಕೊಂಡ ಕಾರು, ನಿನಗೂ ಗೊತ್ತು. ನಾನು ಕೇಳಿದೆ: "ಆಕ್ಸಿಲರೇಟರ್ ಎಷ್ಟು ಒತ್ತಿದ್ದೀರಿ ಅಂತ ನಿಮಗೆ ಹೇಗೆ ಗೊತ್ತಾಗತ್ತೆ?"

"ಇಂಜಿನ್ ಸದ್ದು ಕಿವೀಲಿ ಕೇಳತ್ತಲ್ಲ."

"ಮತ್ತೆ ಬ್ರೇಕು?"

"ಅದಕ್ಕೆ ಸದ್ದಿಲ್ಲ ಕಣೇ. ಅದೊಂದೇ ತೊಂದರೆ."

"ಹಾಗಾದ್ರೆ ಅದನ್ನ ನನಗೆ ಕೊಡಿ" ಎಂದೆ. "ನನ್ನ ಕಾಲು ಇಷ್ಟು ವರ್ಷ ಹೊಲಿಗೆ ಮೆಷಿನ್ ತುಳಿದಿದೆ. ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು, ನಿಮ್ಮ ತಲೆಗಿಂತ ಅದಕ್ಕೆ ಚೆನ್ನಾಗಿ ಗೊತ್ತು."

ಡ್ರೈವಿಂಗ್ ಕಲಿಸುವ ಕಾರುಗಳಲ್ಲಿ ಗುರುವಿನ ಕಾಲಿಗೂ ಒಂದು ಬ್ರೇಕ್ ಇರುತ್ತದಲ್ಲ, ಅಂಥ ಒಂದು ಹಳೆ ಕಾರಿನಿಂದ ನಾಳೆಪ್ಪ ಪೆಡಲನ್ನೂ ಸಿಲಿಂಡರನ್ನೂ ಕಿತ್ತು ತಂದು ನನ್ನ ಕಾಲಬುಡಕ್ಕೆ ಕೂರಿಸಿದ. ಅವನು ನಾಳೆ ಅನ್ನದೆ ಮಾಡಿದ ಕೆಲಸ ಅದೊಂದೇ. ಅದಕ್ಕೇ ಪೈಪು ಎಡಗಡೆಗೆ ಬಂದು ಹೋಗಿದೆ. ಅವನು ಪೈಪು ಬಾಗಿಸುವಾಗ, ಬಾಯಿ ಮಡಿಸುವಾಗ ನಾನು ದೀಪ ಹಿಡಿದು ನಿಂತಿದ್ದೆ, ಆ ಮಾತುಗಳು ಅಲ್ಲಿ ಕಲಿತದ್ದು.

ಎರಡು ವರ್ಷ ಹಾಗೆ ಓಡಾಡಿದೆವು. ಅವರು ಸ್ಟಿಯರಿಂಗ್, ನಾನು ಬ್ರೇಕು. "ಹೂಂ" ಅಂದರೆ ಅರ್ಧ ಒತ್ತಬೇಕು, "ಹೂಂಹೂಂ" ಅಂದರೆ ಪೂರ್ತಿ. ಮದುವೆಯಾದ ಮೇಲೆ ಅವರು ನನ್ನ ಮಾತು ಅಷ್ಟು ಕೇಳಿದ್ದು, ನಾನು ಅವರ ಮಾತು ಅಷ್ಟು ಕೇಳಿದ್ದು, ಆ ಕಾರಿನಲ್ಲೇ. ಆ ಸೀಟು ಯಾರಿಗೂ ಬಿಟ್ಟುಕೊಡಲಿಲ್ಲ, ನಿಜ. ಜನ ಏನು ಅಂದುಕೊಂಡರೂ ಅನ್ನಲಿ ಎಂದು ಕೂತೆ. ಆವತ್ತು ನಿನಗೆ ಸೀಟು ಕೊಟ್ಟಿದ್ದರೆ, ಅಣ್ಣತಮ್ಮಂದಿರಿಬ್ಬರನ್ನೂ ಆ ಇಳಿಜಾರಿನ ಕೊನೆಯ ಗೋಡೆಯೇ ನಿಲ್ಲಿಸಬೇಕಿತ್ತು. ನಿನ್ನ ಬೆನ್ನು ನೋಯಲಿ ಎಂದು ನಡೆಸಲಿಲ್ಲಪ್ಪಾ. ಪೆಟ್ಟಿಗೆಗಳನ್ನಾದರೂ ನನ್ನ ತೊಡೆಯ ಮೇಲೆ ಇಡಿಸಿಕೊಳ್ಳಬಹುದಿತ್ತು. ಕಾಲು ಆಡದೇ ಹೋದರೆ ಎಂದು ಹೆದರಿದೆ.

ಜ್ವರದ ಮಾತು. ಜ್ವರ ಬಂದದ್ದು ನಿಜ. ದೇವರ ಮುಂದೆ ಸುಳ್ಳಾಡಿಲ್ಲ, ಅರ್ಧ ಆಡಿದ್ದೇನೆ. ಹೋದ ವರ್ಷದ ಬೇಸಿಗೆಯಲ್ಲಿ ದೂರದ ಕೆರೆಯವರೆಗೆ ಹೋಗಿ ಬಂದೆವು. ಆ ಕಾರಿನ ಇಂಜಿನ್ ಬಿಸಿ ಬಲಗಡೆ ಕಾಲಿನ ತಗಡಿಗೆ ಬರುತ್ತದೆ, ಒಲೆಯ ಮೇಲಿನ ಕಾವಲಿಯ ಹಾಗೆ. ಕಾಲಿಗೆ ಬಿಸಿ ತಿಳಿಯುವವರು ಎತ್ತಿ ಇಡುತ್ತಾರೆ. ಇವರಿಗೆ ತಿಳಿಯಲಿಲ್ಲ. ಮನೆಗೆ ಬಂದು ಬೂಟು ಎಳೆದೆ, ಹಿಮ್ಮಡಿಯ ಚರ್ಮ ಬೂಟಿನ ಜೊತೆಗೇ ಬಂತು. ಅವರು ಬೇರೆ ಯಾರದೋ ಕಾಲು ನೋಡುವ ಹಾಗೆ ನೋಡಿದರು. ಹುಣ್ಣು ಮಾಯಲಿಲ್ಲ. ಚಳಿಗಾಲದ ಹೊತ್ತಿಗೆ ನಂಜು ಮೇಲೇರಿತು. "ಕಾಲಿನ ವಿಷಯ ತಮ್ಮನಿಗೆ ಹೇಳಬೇಡ. ಅವನು ನಗ್ತಾನೆ. ನಾನು ಓಡಿಸ್ತಿದ್ದೆ ಅಂತಾನೇ ಇರಲಿ" ಎಂದರು. ಕಾರು ನಿನಗೆ ಕಳಿಸುವ ಮೊದಲು ಪೆಡಲು ತೆಗೆಸಿ ನಟ್ಟು ಹಾಕಿಸಿದೆ. ತೂತು ಮುಚ್ಚಿಸಿದೆ. ನೀನು ಕೇಳಬಾರದೆಂದು. ಇಷ್ಟೇ ಮೂರನೆಯದು.

ಈಗ ನಿನ್ನ ಸರದಿ. ನಿಮ್ಮಪ್ಪನಿಗೂ ಈ ಕಾಯಿಲೆ ಇತ್ತು. ಚಪ್ಪಲಿ ಕಳಚಿದ್ದು ತಿಳಿಯದವನಿಗೆ ಪೆಡಲು ತಿಳಿಯುತ್ತದೆಯೇ? ಹೆಂಡತಿಯನ್ನು ಕರೆ. ಕಣ್ಣು ಮುಚ್ಚಿ ಕೂತು, ಕಾಲಿನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿಸು. ಯಾವುದು ಎಂದು ನೀನು ಹೇಳು. ಆಮೇಲೆ ಪೈಪಿನ ಮಾತು.

ಅತ್ತಿಗೆ


ಜುಲೈ ೧೬

ಅತ್ತಿಗೆ,

ನಿಮ್ಮ ಪತ್ರ ಬಂದು ಎಷ್ಟೋ ದಿನವಾಯಿತು. ಕಂಡಕ್ಟರ್ ಬಾಗಿಲಲ್ಲಿ ನಿಂತು, "ಓದಿ ಮುಗಿಸೋ ತನಕ ನಿಂತು ನೋಡ್ಕೊಂಡ್ ಬಾ ಅಂದಿದಾರೆ ಅಮ್ಮಾವ್ರು" ಎಂದ. ಅವನನ್ನೂ ನಂಬಿ, ನನ್ನನ್ನು ಮಾತ್ರ ನಂಬಲಿಲ್ಲ ನೀವು. ಸರಿಯಾಗಿಯೇ ಮಾಡಿದಿರಿ.

ಅಂಗಳದ ಬೆಂಚಿನ ಮೇಲೆ ಕೂತೆ. ಕಣ್ಣು ಮುಚ್ಚಿದೆ. ಇವಳು ಕೆಳಗೆ ಕೂತಳು. ಸ್ವಲ್ಪ ಹೊತ್ತು ಕಾದೆ.

"ಶುರು ಮಾಡೇ, ನನಗೆ ಕೆಲಸ ಇದೆ" ಎಂದೆ.

"ಮುಗೀತು" ಎಂದಳು.

ಕಣ್ಣು ಬಿಟ್ಟರೆ ಕೈಯಲ್ಲಿ ಬಾಚಣಿಗೆ ಹಿಡಿದು, ಮುಖ ಆ ಕಡೆ ತಿರುಗಿಸಿಕೊಂಡು ಕೂತಿದ್ದಾಳೆ. ಬಲಗಾಲಿನ ಐದೂ ಬೆರಳು ಅದರಿಂದ ಮುಟ್ಟಿ ಆಗಿತ್ತು, ನನಗೆ ಒಂದೂ ತಿಳಿದಿರಲಿಲ್ಲ. ಆಮೇಲೆ ಎಡಗಾಲಿನಲ್ಲಿ ಎರಡು ಬೆರಳು ಹೇಳಿದೆ, ಅದರಲ್ಲಿ ಒಂದು ತಪ್ಪು.

ಚಪ್ಪಲಿ ಬಲಗಾಲಿನದು. ಸ್ಕೂಟರ್ ಮಾರಿದ್ದು ಬ್ರೇಕ್ ಒತ್ತಿದೆನೋ ಇಲ್ಲವೋ ಎಂದು ಬಗ್ಗಿ ನೋಡುವ ಹಾಗಾದದ್ದರಿಂದ. ಕಾರಿನಲ್ಲಾದರೆ ಪೆಡಲು ದೊಡ್ಡದು, ಸರಿಹೋದೀತು ಎಂದುಕೊಂಡೆ. ಅಣ್ಣ ನನ್ನನ್ನು ಕಂಡು ನಾಚಿಕೊಂಡ. ನಾನು ಎಲ್ಲರನ್ನೂ ಕಂಡು ನಾಚಿಕೊಂಡೆ. ಕಂಪನಿಗೆ ತಿಳಿದರೆ ನಾಳೆಯಿಂದ ಲಿಫ್ಟಿನ ಗುಂಡಿಗೆ ಇಳಿಯಲು ಬಿಡುವುದಿಲ್ಲ.

ನಿಮ್ಮ ಮೇಲೆ ಬರೆದ ಮಾತುಗಳನ್ನು ಕ್ಷಮಿಸಿ ಎಂದು ಕೇಳಲೂ ನಾಚಿಕೆ.

ಆದರೆ ಒಂದು ಯೋಚನೆ ಬಂದಿದೆ. ಹೊಸ ಪೈಪು ಇನ್ನೂ ಹಾಕಿಲ್ಲ, ಮಗಳು ನಿನ್ನೆ ಬಸ್ಸಿಗೇ ಹೋದಳು. ಹಳೆಯ ದಾರಿಯ ಅಳತೆ ಇದೆ. ಆ ಪೆಡಲು, ಸಿಲಿಂಡರು ನಾಳೆಪ್ಪನ ಹತ್ತಿರ ಇದ್ದರೆ ಕಳಿಸಿಕೊಡಿ. ನಾಲ್ಕು ತೂತು ಹಾಗೇ ಇವೆ, ಮೇಣ ಕೆರೆದರಾಯಿತು. ಮಗಳು ಚುರುಕು. ಎಡಗಡೆ ಅವಳು ಕೂರಲಿ, ನಾನು ಹೂಂ ಅಂದರೆ ಒತ್ತುತ್ತಾಳೆ. ನೀವು ಎರಡು ವರ್ಷ ನಡೆಸಿದಿರಿ, ಒಂದು ಗೀರೂ ಆಗಲಿಲ್ಲ. ಕಾರಿಗೆ ಕಾರೂ ಉಳಿಯುತ್ತದೆ, ಯಾರಿಗೂ ತಿಳಿಯುವುದೂ ಇಲ್ಲ.

ಮೈದುನ


ಜುಲೈ ೨೨

ಮೈದುನನಿಗೆ,

ಕ್ಷಮೆ ಕೇಳಬೇಡ. ಅನುಮಾನಪಟ್ಟೆ, ಅದಕ್ಕೇ ಪೈಪು ಹಾಕದೆ ಉಳಿಸಿದೆ. ಅನುಮಾನವೂ ಒಮ್ಮೊಮ್ಮೆ ದೇವರ ಕೆಲಸ ಮಾಡುತ್ತದೆ.

ಪೆಡಲು ಕೊಡುವುದಿಲ್ಲ.

ಗೀರಾಗಲಿಲ್ಲ ಎಂದು ಬರೆದಿದ್ದೀಯ. ಕಾರಿಗೆ ಆಗಲಿಲ್ಲ. ಆ ಪೆಡಲು ಇಲ್ಲದಿದ್ದರೆ ಅವರು ಒಂದು ತಿಂಗಳು ಗೋಡೆ ನೋಡಿ ಕೂತು, ಆಮೇಲೆ ಎದ್ದು ಸ್ಟುಡಿಯೋಗೆ ನಡೆದೇ ಹೋಗುತ್ತಿದ್ದರು. ಆ ಬೇಸಿಗೆಯಲ್ಲಿ ಅವರ ಕಾಲು ಆ ಬಿಸಿ ತಗಡಿನ ಮೇಲೆ ಇರುತ್ತಿರಲಿಲ್ಲ. ಬ್ರೇಕು ನಾನು ನೋಡಿಕೊಂಡೆ. ಕಾಲನ್ನು ಯಾರೂ ನೋಡಿಕೊಳ್ಳಲಿಲ್ಲ. ಅವರಿಗೆ ಎರಡು ವರ್ಷ ಕೊಟ್ಟೆನೋ, ಹತ್ತು ವರ್ಷ ಕಿತ್ತುಕೊಂಡೆನೋ, ಈ ಲೆಕ್ಕ ನನಗೆ ಬಗೆಹರಿಯುವುದಿಲ್ಲ. ಮೇಲಿನವನಿಗೆ ಬಿಟ್ಟಿದ್ದೇನೆ.

ಮತ್ತೆ, ನಾನು ಹೆಂಡತಿ. ಗಂಡನ ಪಕ್ಕ ಸಾಯಲು ತಯಾರಾಗಿ ಕೂತವಳು. ಅವಳು ಮಗಳು. ಪುಸ್ತಕ ಹಿಡಿದು ಕೂರಬೇಕಾದವಳು ಅಪ್ಪನ ಪಾದ ನೋಡಿಕೊಂಡು ಗುಡ್ಡ ಇಳಿಯಬೇಕೇ? ಒಂದು ದಿನ ಅವಳ ಕಣ್ಣು ಕಿಟಕಿಯಾಚೆ ಹೋದರೆ, ಆ ಭಾರ ಅವಳು ಬದುಕಿದಷ್ಟು ದಿನ ಹೊರಬೇಕೇ?

ನಿನಗೆ ಲೈಸೆನ್ಸ್ ಇರುವ ಮಗಳಿದ್ದಾಳೆ. ನನಗೆ ಆ ಪುಣ್ಯ ಇರಲಿಲ್ಲ. ಪೈಪು ನೇರ ಹಾಕು. ನಿಕಲ್ ಬೆರೆಸಿದ ತಾಮ್ರದ್ದು. ಸ್ಟಿಯರಿಂಗ್ ಅವಳಿಗೆ ಕೊಡು. ಬಲಗಡೆಯ ತಗಡಿನ ಮೇಲೆ ದಪ್ಪ ಹಾಸು ಹಾಕಿಸು. ಡಾಕ್ಟರ ಹತ್ತಿರ ಹೋಗು. ಕಂಪನಿಗೆ ನೀನೇ ಹೇಳು, ಲಿಫ್ಟಿನ ಗುಂಡಿ ಹೇಳುವ ಮೊದಲು.

ನೀನು ನನ್ನ ಕಣ್ಣು ತಪ್ಪಿಸಿ ನಾಳೆಪ್ಪನಿಗೆ ಫೋನ್ ಮಾಡುತ್ತೀಯ ಎಂದು ಗೊತ್ತು. ಪೆಡಲು ಅವನ ಹತ್ತಿರವೇ ಇದೆ. ಮೈದುನ ಕೇಳಿದರೆ ನಾಳೆ ಕೊಡುತ್ತೇನೆ ಅನ್ನು ಎಂದು ಹೇಳಿ ಬಂದಿದ್ದೇನೆ. ಅವನಿಗೆ ಕ್ಷಣ ಯೋಚಿಸುವ ಕೆಲಸವೂ ಬೀಳಲಿಲ್ಲ.

ಮಾಡಿದ್ದೇನೆ ಎಂದು ನೀನು ಬರೆದರೆ ನಾನು ನಂಬುವುದಿಲ್ಲ. ನಿಮ್ಮ ವಂಶದ ಗಂಡಸರು ಕಾಲಿನ ವಿಷಯದಲ್ಲಿ ನಿಜ ಹೇಳಿದ್ದನ್ನು ನಾನು ಕಂಡಿಲ್ಲ. ಪತ್ರದ ಕೊನೆಯಲ್ಲಿ ಮಗಳ ಕೈಯಿಂದ ನಾಲ್ಕು ಸಾಲು ಬರೆಸು. ನೀನು ಹೇಳಿ ಬರೆಸಿದ್ದಾದರೆ ನನಗೆ ಗೊತ್ತಾಗುತ್ತದೆ.

ಅತ್ತಿಗೆ


ಆಗಸ್ಟ್ ೯

ಅತ್ತಿಗೆ,

ನಾಳೆಪ್ಪನಿಗೆ ಫೋನ್ ಮಾಡಿದ್ದೆ. ಒಪ್ಪಿಕೊಂಡೆ, ಇನ್ನು ಬೈಯಬೇಡಿ.

ಪೈಪು ನೇರ ಹಾಕಿದೆ. ನೀವು ಹೇಳಿದ್ದೇ ಪೈಪು. ಎರಡು ಮಡಿಕೆ ಬಾಯಿ. ಚಕ್ರಗಳಿಗೆ ಹೊಸ ಹೋಸು. ಎಲ್ಲ ಜೋಡಿಸಿ ಆಯಿಲ್ ತುಂಬಿಸಿ, ಒಳಗೆ ಸಿಕ್ಕ ಗಾಳಿ ತೆಗೆಯಲು ಇಬ್ಬರು ಬೇಕು, ಒಬ್ಬರು ಪೆಡಲು ಒತ್ತಬೇಕು, ಇನ್ನೊಬ್ಬರು ಚಕ್ರದ ಹತ್ತಿರ ನಟ್ಟು ಸಡಿಲಿಸಬೇಕು. ಅಭ್ಯಾಸಬಲ, ನಾನೇ ಪೆಡಲಿಗೆ ಕೂರಲು ಹೋದೆ. ಮಗಳು ಬಾಗಿಲು ಹಿಡಿದು ನಿಂತಳು.

"ಅಪ್ಪಾ, ನೀನು ಕೆಳಗೆ."

"ಯಾಕೆ, ನಾನು ಒತ್ತಬಾರದಾ?"

"ಒತ್ತಿದೆ ಅಂತ ಯಾರನ್ನ ಕೇಳ್ಲಿ? ಅಮ್ಮನ್ನಾ?"

ಕೆಳಗೆ ಮಲಗಿದೆ. "ಒತ್ತು", "ಹಿಡ್ಕೊ", "ಬಿಡು" ಎಂದು ನಾನು ಕೂಗುವುದು, ಮೇಲಿನಿಂದ ಅವಳು "ಒತ್ದೆ", "ಹಿಡ್ಕೊಂಡಿದೀನಿ" ಎನ್ನುವುದು. ಗುಳ್ಳೆ ನಿಂತು ಆಯಿಲ್ ಎಳೆಯಾಗಿ ಬರುವ ತನಕ. "ಈಗ ಹೇಗಿದೆ?" ಎಂದೆ. "ಕಲ್ಲಿನ ಹಾಗೆ ಗಟ್ಟಿ ಇದೆ ಅಪ್ಪಾ" ಎಂದಳು. ನನ್ನ ಕಾಲು ನಾಲ್ಕು ತಿಂಗಳಿಂದ ನನಗೆ ಹೇಳದೇ ಇದ್ದದ್ದು ಅದು.

ಕಂಪನಿಯಲ್ಲಿ ಹೇಳಿದೆ. ಮ್ಯಾನೇಜರು ನನ್ನ ಕಾಲನ್ನು ನೋಡಿ, ಆಮೇಲೆ ಮೇಲಿನ ಮಹಡಿಗಳನ್ನು ನೋಡಿ, ಬೆವರು ಒರೆಸಿಕೊಂಡರು. ಈಗ ಬೆಂಚಿನ ಮೇಲೆ ಕೂತು ವೈರಿಂಗ್ ಜೋಡಿಸುವ ಕೆಲಸ. ಡಾಕ್ಟರು ದಿನಾ ಕನ್ನಡಿ ಹಿಡಿದು ಪಾದ ನೋಡಿಕೊಳ್ಳಿ ಎಂದಿದ್ದಾರೆ. ಮದುವೆಗೆ ಹೊರಟ ಹುಡುಗನೂ ಇಷ್ಟು ಕನ್ನಡಿ ನೋಡಿಕೊಂಡಿರಲಾರ.

ಸೋಮವಾರ ಗುಡ್ಡ ಇಳಿದೆವು. ಅವಳು ಸ್ಟಿಯರಿಂಗಿಗೆ, ನಾನು ಎಡಗಡೆಗೆ. ಮೊದಲ ತಿರುವು ಬಂದಾಗ ನನ್ನ ಕಾಲು ತಾನಾಗಿಯೇ ನೆಲ ಒತ್ತಿತು. ಅಲ್ಲಿ ಏನೂ ಇಲ್ಲ. ಆದರೂ ಕಾರು ನಿಧಾನವಾಯಿತು. ಎರಡು ವರ್ಷ ಅಣ್ಣನಿಗೆ ಹೀಗೇ ಆಗಿರಬೇಕು, ತಾನು ಒತ್ತದೆಯೂ ಕಾರು ನಿಲ್ಲುವುದು. ಅದಕ್ಕೇ ಅವನ ಮುಖ ಹಾಗಿತ್ತು. ಅಕ್ಕ ತಪ್ಪು ತಿಳಿದಳು, ಅದು ಪರೀಕ್ಷೆಗೆ ಕೂತವನ ಮುಖವಲ್ಲ, ಇನ್ನೊಬ್ಬರ ಕಾಲನ್ನು ನಂಬಿ ಕೂತವನ ಮುಖ.

ಇನ್ನು ಮುಂದೆ ಈ ಕಾರು ಓಡಿಸುವುದಿಲ್ಲ ಎಂದು ನಿಮ್ಮ ದೇವರ ಮೇಲೆ ಆಣೆ ಇಟ್ಟು ಬರೆದಿದ್ದೇನೆ. ಕೆಳಗೆ ಮಗಳು ಬರೆಯುತ್ತಾಳೆ. ನಾನು ಹೇಳಿಕೊಟ್ಟಿಲ್ಲ.

ನಿಮ್ಮ ಮೈದುನ

ದೊಡ್ಡಮ್ಮಾ, ಮೇಲೆ ಬರೆದಿರುವುದೆಲ್ಲ ನಿಜ. ಬ್ರೇಕ್ ತುಂಬ ಚೆನ್ನಾಗಿದೆ. ಅಪ್ಪ ಇಷ್ಟು ಬರೆದು ಪೆನ್ನು ನನ್ನ ಕೈಗೆ ಕೊಟ್ಟು, ಕಾರಿನ ಕೀಲಿ ಎಲ್ಲಿಟ್ಟಿದ್ದೀಯ ಎಂದು ಕೇಳಿದರು. ನಾನು ಹೇಳಲಿಲ್ಲ.